ಹನ್ನೊಂದನೇ ಬೋರ್ಡಿನ ದನಿ

ಬಿಸಿಯಾದ ಧೂಳು, ಹಳೆಯ ರಬ್ಬರು, ಹಿತ್ತಾಳೆ ಉಜ್ಜುವ ಪುಡಿ. ಈ ಮೂರೂ ಸೇರಿದ ವಾಸನೆಯೊಂದು ದೊಡ್ಡಮ್ಮನ ಮೂಗಿನಲ್ಲಿ ಅರವತ್ತು ವರ್ಷಗಳಿಂದ ಬಿಡಾರ ಹೂಡಿತ್ತು. ಅದು ಅವಳ ತಾಯಿಯ ಕೂದಲಿನ ವಾಸನೆ. ತಾಯಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಸಂಜೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಬಗ್ಗಿ ಮಗಳನ್ನು ಎತ್ತಿಕೊಂಡರೆ ಸಾಕು, ಇಡೀ ದಿನ ತಲೆಗೆ ಕಚ್ಚಿ ಕೂತಿದ್ದ ಹೆಡ್‌ಫೋನಿನ ಪಟ್ಟಿಯ ವಾಸನೆ ಮಗುವಿನ ಕೆನ್ನೆಗೆ ತಾಗುತ್ತಿತ್ತು. ಉಳಿದ ಮಕ್ಕಳ ಅಮ್ಮಂದಿರಿಂದ ಸೋಪಿನ ವಾಸನೆ ಬರುತ್ತಿದ್ದರೆ, "ನಮ್ಮಮ್ಮನಿಂದ ದೂರದ ಊರುಗಳ ವಾಸನೆ ಬರುತ್ತೆ" ಎಂದು ಇವಳು ಶಾಲೆಯಲ್ಲಿ ಜಂಬ ಕೊಚ್ಚಿಕೊಂಡಿದ್ದಳು.

ಮುಂದೆ ಅದೇ ವಾಸನೆ ಅವಳ ಕೂದಲಿಗೂ ಹತ್ತಿತು. ಡಿಗ್ರಿ ಮುಗಿಸಿ, ಇಪ್ಪತ್ತೊಂದನೇ ವಯಸ್ಸಿಗೆ ಅದೇ ಎಕ್ಸ್‌ಚೇಂಜಿನಲ್ಲಿ, ಪ್ಲಗ್ಗು ಚುಚ್ಚಿ ಕರೆ ಜೋಡಿಸುವ ನಾಲ್ಕನೇ ಬೋರ್ಡಿನ ಮುಂದೆ ಕೂತಳು. ಹತ್ತೊಂಬತ್ತು ವರ್ಷ ಎತ್ತರದ ಕುರ್ಚಿಯ ಮೇಲೆ ಕೂತು, ತಾನು ಕಾಲಿಡದ ಊರುಗಳ ಕಾಣದ ಜನರಿಗೆ ಮಾತು ಜೋಡಿಸಿಕೊಟ್ಟಳು. ಆ ಊರುಗಳಲ್ಲಿ ಒಂದು ಮೂರೇ ಗಂಟೆಯ ದಾರಿಯಲ್ಲಿತ್ತು. ಆದರೂ ಅಲ್ಲಿಗೆ ಹೋಗುವ ಧೈರ್ಯ ಬರಲು ಮೂವತ್ತೆರಡು ವರ್ಷ ಹಿಡಿಯಿತು. ತಾನು ಒಂದು ಚೀಟಿಯ ಮೇಲೆ ಬರೆದ ಮೂರು ಪದಗಳಿಂದ ಆ ಊರಿನ ಒಬ್ಬ ಹೆಂಗಸಿನ ಕೆಲಸ ಹೋಯಿತೇ, ಇಲ್ಲವೇ? ಅದು ಅವಳಿಗೆ ತಿಳಿಯಬೇಕಿತ್ತು. ತಿಳಿದುಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆಯೂ ಇತ್ತು.

ಹೀಗಾಗಿ, ತಂಗಿಯ ಮಗಳು ಪುಟ್ಟಿ ಒಂದು ಬೆಳಗ್ಗೆ, "ಈ ಶನಿವಾರ, ಭಾನುವಾರ ನಂಗೆ ರಜ. ನೋಡಿರದ ಊರು ಯಾವುದಾದ್ರೂ ಹೇಳಿ ದೊಡ್ಡಮ್ಮ, ಸುತ್ತಾಡ್ಕೊಂಡು ಬರೋಣ" ಎಂದಾಗ, ಬಾಯಲ್ಲಿದ್ದ ಕಾಫಿ ಗಂಟಲಿಗಿಳಿಯುವ ಮೊದಲೇ ಆ ಊರಿನ ಹೆಸರು ಹೊರಬಿದ್ದಿತ್ತು.

"ಅಲ್ಲೇನಿದೆ?" ಎಂದಳು ತಂಗಿ.

"ಏನಿದೆಯೋ, ಅದನ್ನ ನೋಡೋಕೇ ಹೋಗೋದು."

ಪುಟ್ಟಿಗೆ ಮೂವತ್ತೊಂದು ವಯಸ್ಸು. ಹೆಸರಿಗಷ್ಟೇ ಪುಟ್ಟಿ, ಆಳು ಬಾಗಿಲ ಚೌಕಟ್ಟಿನಷ್ಟು ಎತ್ತರ. ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು ಅವಳೇ. ಅವರು ಹೊರಟದ್ದೂ ಅವಳ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿಯೇ. ನೆತ್ತಿಯ ಮೇಲೆ ಕಲಿಯುವವರ ಫಲಕ, ಮುಂದಿನ ಎರಡೂ ಸೀಟುಗಳ ಕಾಲಡಿಯಲ್ಲಿ ಒಂದೊಂದು ಬ್ರೇಕು. ಒಂದು ಓಡಿಸುವವರಿಗೆ, ಇನ್ನೊಂದು ಕಲಿಸುವವರಿಗೆ. ಈ ಎರಡನೆಯದು ತಂಗಿಗೆ ಒಗ್ಗಲಿಲ್ಲ. ಊರ ಗಡಿ ದಾಟುವುದರೊಳಗೆ ಅವಳು ಮೂರು ಸಲ ಅದನ್ನು ತುಳಿದಿದ್ದಳು.

"ಅಮ್ಮಾ! ಕಾಲು ತೆಗಿ!"

"ಲಾರಿ ಬಂತಲ್ಲೇ!"

"ಲಾರಿ ಬರ್ತಿಲ್ಲ, ಹೋಗ್ತಿದೆ."

"ಹೋಗೋ ಲಾರಿ ವಾಪಸ್ ತಿರುಗಲ್ಲ ಅಂತ ನಿಂಗ್ಯಾರು ಬರ್ಕೊಟ್ಟಿದ್ದಾರೆ?"

ಪುಟ್ಟಿ ಕಾರು ಬದಿಗೆ ನಿಲ್ಲಿಸಿ, ತಾಯಿಯನ್ನು ಕೈ ಹಿಡಿದು ಹಿಂದಿನ ಸೀಟಿಗೆ ದಾಟಿಸಿದಳು. "ಇಪ್ಪತ್ತು ಜನ ಹೊಸಬರಿಗೆ ಕಲಿಸ್ಬಹುದು, ಒಬ್ಬ ತಾಯಿ ಪಕ್ಕ ಕೂತು ಓಡಿಸೋಕಾಗಲ್ಲ" ಎಂದು ಗೊಣಗಿದಳು. ದೊಡ್ಡಮ್ಮ ಮುಂದೆ ಬಂದು, ಪಾದಗಳನ್ನು ಸೀಟಿನ ಅಡಿಗೆ ಎಳೆದುಕೊಂಡು, ಪರೀಕ್ಷೆಗೆ ಕೂತ ಹುಡುಗಿಯಂತೆ ಕೂತಳು.

ನೆತ್ತಿಯ ಮೇಲಿನ ಫಲಕ ನೋಡಿ ದಾರಿಯಲ್ಲಿ ಎಲ್ಲರೂ ಇವರಿಗೆ ಜಾಗ ಬಿಡುತ್ತಿದ್ದರು. ಒಂದು ತಿರುವಿನಲ್ಲಿ ಲಾರಿಯವನೊಬ್ಬ ತಾನೇ ನಿಂತು, 'ಹೆದರ್ಬೇಡಿ, ಬನ್ನಿ' ಎನ್ನುವಂತೆ ಕೈಯಾಡಿಸಿದ. ಹನ್ನೆರಡು ವರ್ಷದ ಅನುಭವವಿದ್ದ ಪುಟ್ಟಿಗೆ ಅವಮಾನವಾಯಿತು. ದೊಡ್ಡಮ್ಮನಿಗೆ ಮಾತ್ರ, ಎಲ್ಲರ ನೆತ್ತಿಯ ಮೇಲೂ ಇಂಥದೊಂದು ಫಲಕ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿತು.

ಊರು ಹತ್ತಿರವಾದಂತೆ ಅವಳು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ಮುದುರಿ ಕೂತಳು. ಆದರೆ ಮೊದಲ ಬೀದಿಗೆ ಹೊಕ್ಕಿದ್ದೇ ತಡ, ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು.

"ನಿಲ್ಸು, ನಿಲ್ಸು! ನಲವತ್ತೆರಡು!"

ಪುಟ್ಟಿ ಗಾಬರಿಯಾಗಿ ವೇಗದ ಮುಳ್ಳನ್ನು ನೋಡಿದಳು. "ಮೂವತ್ತರಲ್ಲೇ ಹೋಗ್ತಿದ್ದೀನಲ್ಲ?"

"ವೇಗ ಅಲ್ವೇ. ಆ ಸೋಪಿನ ಕಾರ್ಖಾನೆ. ಅದರ ನಂಬರು ನಲವತ್ತೆರಡು. ಅದರ ಮ್ಯಾನೇಜರು ಫೋನೆತ್ತಿದ ಕೂಡ್ಲೇ ಮೂರು ಸಲ ಸೀನ್ತಿದ್ದ. ಸೋಪಿನ ಪುಡಿ ಇರ್ಬೇಕು ಪಾಪ."

ಹೀಗೆ ಆ ಊರನ್ನು ಅವಳು ಕಣ್ಣಿನಿಂದಲ್ಲ, ಕಿವಿಯಿಂದ ಬಲ್ಲವಳಾಗಿದ್ದಳು. ಬೀದಿಗಳು ಯಾವ ದಿಕ್ಕಿಗೆ ಹೋಗುತ್ತವೆಂದು ತಿಳಿಯದು. ಆದರೆ ಬಿತ್ತನೆ ಬೀಜದ ಅಂಗಡಿಯ ಬೋರ್ಡು ಕಂಡರೆ "ತೊಂಬತ್ತೊಂದು, ಯಾವಾಗ್ಲೂ ಎಂಗೇಜು" ಎನ್ನುವಳು. ಮೇಲ್ಮಹಡಿಯಿಂದ ಪಿಟೀಲು ಕೇಳಿಸಿದರೆ "ಇನ್ನೂರ ಹದಿಮೂರು ಇಲ್ಲೇ ಇರ್ಬೇಕು, ಫೋನು ಮೇಜಿನ ಮೇಲಿಟ್ಟು ಪಾಠ ಹೇಳ್ಕೊಡ್ತಿದ್ರು" ಎನ್ನುವಳು. ಅರವತ್ತನೇ ನಂಬರಿನ ಆಸ್ಪತ್ರೆ ಬಂದಾಗ ಮಾತ್ರ ಕಿಟಕಿಯ ಗಾಜು ಏರಿಸಿಕೊಂಡಳು.

"ಬೇರೆಯವರು ಊರು ನೋಡೋಕೆ ನಕ್ಷೆ ತರ್ತಾರೆ, ನಮ್ಮಕ್ಕ ಟೆಲಿಫೋನ್ ಡೈರೆಕ್ಟರಿ ತಂದಿದ್ದಾಳೆ" ಎಂದಳು ತಂಗಿ ಹಿಂದಿನಿಂದ. ಅವಳು ಹೊಲಿಗೆಯವಳು. ಅವಳಿಗೆ ಊರು ಎಂದರೆ ಎದುರು ಬರುವವರ ಬಟ್ಟೆ. "ನೋಡಿ, ಆ ಮನುಷ್ಯನ ಕೋಟಿನ ಎಡ ತೋಳು ಒಂದು ಬೆರಳು ಉದ್ದ. ಈ ಊರಲ್ಲಿ ನಂಗೆ ಕೈತುಂಬ ಕೆಲ್ಸ ಸಿಗುತ್ತೆ."

ಮಧ್ಯಾಹ್ನ ಊಟವಾದ ಮೇಲೆ ದೊಡ್ಡಮ್ಮ ಆ ಊರಿನ ಹಳೆಯ ಎಕ್ಸ್‌ಚೇಂಜ್ ಕಟ್ಟಡ ನೋಡಬೇಕೆಂದಳು. ಅದು ಈಗ ನೆಲಕ್ಕೆ ಹಾಸುವ ಟೈಲ್ಸಿನ ಅಂಗಡಿಯಾಗಿತ್ತು. ಕೆಳಗೆ ಬಚ್ಚಲುಮನೆಯ ಟೈಲ್ಸು, ಮೇಲೆ ಅಡುಗೆಮನೆಯದು. ಬೋರ್ಡುಗಳಿದ್ದದ್ದು ಮೇಲೆ ಎಂದು ಅವಳಿಗೆ ಗೊತ್ತಿತ್ತು. ಇಲ್ಲಿ ಹನ್ನೊಂದನೇ ಬೋರ್ಡಿನ ಮುಂದೆ ಕೂರುತ್ತಿದ್ದವಳು ಒಮ್ಮೆ ಫೋನಿನಲ್ಲಿ, "ಲಿಫ್ಟ್ ಇಲ್ಲ ರೀ, ನಲವತ್ತು ಮೆಟ್ಲು, ಹತ್ತೋಷ್ಟರಲ್ಲಿ 'ಹಲೋ' ಅನ್ನೋಕೂ ಉಸಿರಿರಲ್ಲ" ಎಂದಿದ್ದಳು. ದೊಡ್ಡಮ್ಮ ಮೆಟ್ಟಿಲು ಎಣಿಸಿದಳು. ನಲವತ್ತೇ ಇದ್ದವು.

ಅಂಗಡಿಯ ಮಾರಾಟಗಾರ ಹಿಂದೆಯೇ ಬಂದ. "ಯಾವ ಬಣ್ಣ ನೋಡ್ತೀರಮ್ಮ?"

"ಬಣ್ಣ ಬೇಡಪ್ಪ. ಹಿಂದೆ ಇಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಇತ್ತಲ್ಲ, ಅಲ್ಲಿ ಕೆಲಸ ಮಾಡ್ತಿದ್ದವರು ಯಾರಾದ್ರೂ ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ಆದರೆ ಇವರು ಕೊಳ್ಳುವವರಲ್ಲ ಎಂದು ತಿಳಿದ ಮೇಲೂ ಅವನು ಒಂದು ಕುರ್ಚಿ ತಂದು ಹಾಕಿದ. ಆಮೇಲೆ ಮೂಲೆಯಲ್ಲಿ ಒರಗಿಸಿದ್ದ ಟೈಲ್ಸುಗಳನ್ನು ಒಂದೊಂದಾಗಿ ಸರಿಸಿ, "ಇಲ್ನೋಡಿ, ಈ ತೂತುಗಳು ಯಾತಕ್ಕೆ ಅಂತ ನಮಗೆ ತಿಳೀತಾನೇ ಇರ್ಲಿಲ್ಲ" ಎಂದು ನೆಲ ತೋರಿಸಿದ. ಬೋರ್ಡುಗಳನ್ನು ನೆಲಕ್ಕೆ ಬಿಗಿದಿದ್ದ ಮೊಳೆಯ ತೂತುಗಳು, ನಾಲ್ಕು ನಾಲ್ಕರ ಗುಂಪಾಗಿ ಸಾಲಾಗಿ ಇದ್ದವು. ದೊಡ್ಡಮ್ಮ ಬಾಗಿಲಿನ ಕಡೆಯಿಂದ ಎಣಿಸುತ್ತ ಹೋಗಿ, ಹನ್ನೊಂದನೆಯ ಗುಂಪಿನ ಮುಂದೆ ನಿಂತಳು. ಪುಟ್ಟಿ ಅವಳ ಮುಖವನ್ನು ನೋಡಿದಳು.

ಕೇಳಿದ್ದು ಮಾತ್ರ ಸಂಜೆ, ಲಾಡ್ಜಿನ ಕೋಣೆಯಲ್ಲಿ. ಮೂರು ಮಂಚಗಳ ಆ ಕೋಣೆ ಮಹಡಿಯ ಮೇಲಿರಲಿಲ್ಲ. ರಸ್ತೆಯ ಮಟ್ಟದಲ್ಲೇ ಇತ್ತು. ದೊಡ್ಡಮ್ಮ ಮಂಡಿ ಹಿಡಿದು ನಿಂತದ್ದನ್ನು ಕಂಡು, ಕೌಂಟರಿನಲ್ಲಿದ್ದ ಹೆಂಗಸು ಕೇಳದೆಯೇ ಬೀಗದ ಕೈ ಬದಲಾಯಿಸಿ ಕೊಟ್ಟಿದ್ದಳು.

"ದೊಡ್ಡಮ್ಮ, ನೀವು ಯಾರನ್ನೋ ಹುಡುಕ್ತಿದ್ದೀರಿ" ಎಂದಳು ಪುಟ್ಟಿ.

ಆಗ ದೊಡ್ಡಮ್ಮ ಹೇಳಿದಳು. ಮೊದಲ ಸಲ, ಬಾಯಿಬಿಟ್ಟು.

ಲೈನಿನ ಮೇಲೆ ಆಪರೇಟರುಗಳು ಹೆಸರು ಹೇಳುವಂತಿರಲಿಲ್ಲ. ಬೋರ್ಡಿನ ನಂಬರೇ ಹೆಸರು. ಈ ಊರಿನ ಹನ್ನೊಂದನೇ ಬೋರ್ಡಿನವಳು ದೊಡ್ಡಮ್ಮನಿಗೆ 'ಹನ್ನೊಂದು', ದೊಡ್ಡಮ್ಮ ಅವಳಿಗೆ 'ನಾಲ್ಕು'. ಎರಡು ಊರಿನ ನಡುವೆ ಇದ್ದದ್ದು ನಾಲ್ಕೇ ಲೈನು. ಒಂದು ಖಾಲಿಯಿದ್ದರೆ ಅದರ ಮೇಲೆ ಇಬ್ಬರೂ ಹರಟುತ್ತಿದ್ದರು. ಒಂಬತ್ತು ವರ್ಷ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಹನ್ನೊಂದು, ತಾನು ಎರಡು ಕಾಲಿಗೂ ಎಡಗಾಲಿನ ಚಪ್ಪಲಿಯನ್ನೇ ಕೊಂಡು ತಂದ ಕಥೆ ಹೇಳುತ್ತಿದ್ದಳು. ನಾಲ್ಕಕ್ಕೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಅಷ್ಟರಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯ ಮಾತು ಮುಗಿದು ಬೋರ್ಡಿನಲ್ಲಿ ಅವನ ದೀಪ ಹತ್ತಿತು. ದೀಪ ಹತ್ತಿದರೆ ಆ ಪ್ಲಗ್ಗನ್ನು ಕೀಳಬೇಕು. ಇವಳು ನಗುತ್ತಲೇ ಕೈಚಾಚಿ ಪಕ್ಕದ ಪ್ಲಗ್ಗನ್ನು ಕಿತ್ತಳು. ಅದು ಡಾಕ್ಟರೊಬ್ಬರ ಕರೆ. ಈ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದ ಮಗುವಿಗೆ ಯಾವ ಔಷಧಿ, ಎಷ್ಟು ಎಂದು ಅವರು ದೊಡ್ಡಮ್ಮನ ಊರಿನಿಂದ ಹೇಳುತ್ತಿದ್ದರು.

"ಅಯ್ಯೋ" ಎಂದಳು ತಂಗಿ.

"ಮತ್ತೆ ಜೋಡಿಸೋಣ ಅಂದ್ರೆ ಅಷ್ಟರಲ್ಲಿ ನಾಲ್ಕೂ ಲೈನಿಗೆ ಅರ್ಜೆಂಟ್ ಕಾಲ್ ಬಂದು ಕೂತಿದ್ವು. ಹಿಂದೆ ಸೂಪರ್‌ವೈಸರ್ ನಿಂತಿದ್ರು. ಪ್ರತಿ ಕಾಲ್‌ಗೂ ಒಂದು ಚೀಟಿ, ಟಿಕೆಟ್ ಅಂತಿದ್ವಿ. ಕಾಲ್ ಯಾಕೆ ನಿಂತಿತು ಅಂತ ಅದರ ಮೇಲೆ ಬರೀಬೇಕು. ನಮ್ಮಮ್ಮ ಇಪ್ಪತ್ತೇಳು ವರ್ಷ ಅದೇ ಹಾಲಿನಲ್ಲಿ ಒಂದೂ ತಪ್ಪಿಲ್ಲದೆ ಕೆಲಸ ಮಾಡಿದವಳು. ಅವಳ ಮಗಳು ನಾನು. ಕೈಗೆ ಬಂದದ್ದು ಬರೆದುಬಿಟ್ಟೆ. 'ಆ ಕಡೆಯಿಂದ ಕಡಿತ' ಅಂತ."

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ವಿಚಾರಣೆ ಆಯ್ತು. ಟಿಕೆಟ್ ತಗೊಂಡು ಹೋದ್ರು. ಮೂರು ವಾರಕ್ಕೆ ಹನ್ನೊಂದರಲ್ಲಿ ಬೇರೆ ದನಿ. 'ಅವರೆಲ್ಲಿ' ಅಂದ್ರೆ, 'ಲೈನಿನ ಮೇಲೆ ಅದೆಲ್ಲ ಕೇಳ್ಬೇಡಿ' ಅಂದ್ಬಿಟ್ಲು. ನಂಗೆ ನನ್ನ ನಾಲ್ಕನೇ ಬೋರ್ಡಿನ ಮುಂದೆ ಕೂರೋಕೇ ಆಗ್ಲಿಲ್ಲ. ಬೇರೆ ಬೋರ್ಡು ಕೇಳಿ ಹಾಕಿಸ್ಕೊಂಡೆ. ಆಮೇಲೆ ಎಲ್ಲಾ ಮಶೀನೇ ಆಯ್ತು. ಅವಳ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ."

ತಂಗಿ ಎದ್ದು ಬಂದು ಅಕ್ಕನ ಮಂಚದ ಮೇಲೆ ಕೂತಳು. "ಯಾರೋ ಗಂಡಸಿನ ನೆನಪಲ್ಲಿ ನೀನು ಮದುವೆ ಆಗ್ಲಿಲ್ಲ ಅಂತ ಮೂವತ್ತು ವರ್ಷದಿಂದ ನಾನು ಎಲ್ಲರಿಗೂ ಹೇಳ್ಕೊಂಡು ಬಂದಿದ್ದೀನಿ. ಈಗ ಹೋಗಿ ಪ್ಲಗ್ಗು ಅಂದ್ರೆ ಯಾರು ನಂಬ್ತಾರೆ?"

ದೊಡ್ಡಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಪುಟ್ಟಿ ದೀಪ ಆರಿಸುತ್ತ, "ನಾಳೆ ಹುಡುಕೋಣ" ಎಂದಷ್ಟೇ ಹೇಳಿದಳು.

ಆದರೆ ಭಾನುವಾರ ಬೆಳಗ್ಗೆ ಹುಡುಕುವುದಾದರೂ ಎಲ್ಲಿ? ಕಚೇರಿಗಳೆಲ್ಲ ಮುಚ್ಚಿದ್ದವು. ಕೆರೆಯ ದಂಡೆಯ ಮೇಲೆ ನಡೆದರು, ಹಳೇ ಪುಸ್ತಕದ ಬೀದಿ ನೋಡಿದರು, ಗಡಿಯಾರದ ಗೋಪುರದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಹತ್ತು ಗಂಟೆಗೆ ಕಾರು ಊರಿನ ಹೊರದಾರಿಯತ್ತ ತಿರುಗಿತು. ದೊಡ್ಡಮ್ಮ ಇಡೀ ಬೆಳಗ್ಗೆ ಎಲ್ಲವನ್ನೂ ಚೆನ್ನಾಗಿದೆ ಎನ್ನುತ್ತ ಬಂದಿದ್ದಳು. ಆದರೆ ಏನನ್ನೂ ನೋಡಿರಲಿಲ್ಲ.

"ನಿಲ್ಸೇ, ನಂಗೆ ಅರ್ಜೆಂಟು" ಎಂದಳು ತಂಗಿ.

"ಅರ್ಧ ಗಂಟೆ ಹಿಂದೆ ಲಾಡ್ಜಲ್ಲಿ ಕೇಳ್ದಾಗ ಬೇಡ ಅಂದೆಯಲ್ಲಮ್ಮ!"

"ಆಗ ಬೇಡ ಇತ್ತು. ಈಗ ಬೇಕು. ಇದೇನು ರೈಲಾ, ಟೈಮಿಗೆ ಸರಿಯಾಗಿ ಬರೋಕೆ?"

ಪಕ್ಕದಲ್ಲೇ ಬಸ್ ನಿಲ್ದಾಣವಿತ್ತು. ಪುಟ್ಟಿ ತಾಯಿಯನ್ನು ಶೌಚಾಲಯಕ್ಕೆ ಕರೆದೊಯ್ದಳು. ದೊಡ್ಡಮ್ಮ ಮೊದಲ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಇವಳ ಕಾಲು ಕಂಡು, ಒದ್ದೆಯಾಗದಂತೆ ಸುತ್ತು ಬಳಸಿ ಒರೆಸಿಕೊಂಡು ಹೋದಳು.

ಆಗ ನೆತ್ತಿಯ ಮೇಲಿನ ಧ್ವನಿವರ್ಧಕ ಗೊರ್ ಎಂದಿತು.

"ಪ್ರಯಾಣಿಕರ ಗಮನಕ್ಕೆ. ಹತ್ತು ಇಪ್ಪತ್ತಕ್ಕೆ ಹೊರಡುವ ಬಸ್ಸು ಮೂರನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದೆ. ದಯವಿಟ್ಟು ಅವಸರ ಮಾಡಬೇಡಿ, ಇನ್ನೂ ಐದು ನಿಮಿಷ ಇದೆ."

ದೊಡ್ಡಮ್ಮ ತಲೆಯೆತ್ತಿದಳು. ಆ 'ದಯವಿಟ್ಟು'. 'ದ'ದ ಮೇಲೆ ಚೂರು ಒತ್ತು, ಕೊನೆಗೆ ಚೂರು ನಗು. ಒಂಬತ್ತು ವರ್ಷ ದಿನಕ್ಕೆ ನೂರು ಸಲ ಅವಳ ಎಡಗಿವಿಯೊಳಗೆ ಬಿದ್ದ ದನಿ. ಅವಳು ಎದ್ದು ನಿಂತಳು. ಕೈಚೀಲ ನೆಲಕ್ಕೆ ಬಿದ್ದದ್ದೂ ತಿಳಿಯಲಿಲ್ಲ.

ಒರೆಸುವವಳು ಚೀಲ ಎತ್ತಿ, ಸೆರಗಿನಿಂದ ಒರೆಸಿ ಕೈಗೆ ಕೊಟ್ಟಳು. "ಯಾಕಮ್ಮ, ಬಸ್ಸು ತಪ್ಪಿತಾ?"

"ಈ ಮಾತಾಡಿದ್ದು ಯಾರು?"

"ಇದಾ? ಇದು ರೆಕಾರ್ಡ್. ನಮ್ಮ ಎನ್‌ಕ್ವೈರಿ ಅಕ್ಕಂದು. ಅವರು ರಿಟೈರಾದ್ರೂ ಅವರ ದನಿಗೆ ರಿಟೈರ್‌ಮೆಂಟ್ ಕೊಟ್ಟಿಲ್ಲ ನೋಡಿ. ಮೊದಲು ಫೋನ್ ಆಫೀಸಲ್ಲಿದ್ರಂತೆ."

"ಇದ್ದಾರಾ?"

"ಇರದೇ ಏನು! ನಿನ್ನೆ ತಾನೇ ನಮ್ಮ ಟೈಮ್‌ಕೀಪರ್‌ಗೆ ಬೈದು ಹೋದ್ರು, ಬಸ್ಸು ಲೇಟಾದ್ರೆ ಜನ ನನ್ನ ಬೈತಾರೆ ಅಂತ. ಹಿಂದಿನ ಬೀದಿ, ಹಸಿರು ಗೇಟು." ಇವಳ ಮುಖ ನೋಡಿ ಅವಳಿಗೆ ಏನನ್ನಿಸಿತೋ. ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, "ಬನ್ನಿ, ತೋರಿಸ್ತೀನಿ. ನೆಲ ಎಲ್ಲೂ ಓಡಿ ಹೋಗಲ್ಲ" ಎಂದಳು. ಅಷ್ಟರಲ್ಲಿ ತಂಗಿ, ಪುಟ್ಟಿಯೂ ಬಂದು ಸೇರಿಕೊಂಡರು.

ಹಸಿರು ಗೇಟಿನ ಮನೆಯ ಬಾಗಿಲು ತೆರೆದೇ ಇತ್ತು. ಈ ಮೂವರನ್ನೂ ಹೊಸ್ತಿಲಲ್ಲಿ ಬಿಟ್ಟು, "ಅಕ್ಕಾ, ನಿಮ್ಮ ದನಿ ಹುಡ್ಕೊಂಡು ಬಂದಿದ್ದಾರೆ" ಎಂದು ಕೂಗಿ ಒರೆಸುವವಳು ಹೊರಟುಹೋದಳು.

ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದವಳು ಕುಳ್ಳಗೆ, ದುಂಡಗೆ, ಬೆಳ್ಳಿ ಕೂದಲಿನ ಹೆಂಗಸು. ದೊಡ್ಡಮ್ಮ ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದವಳು ಎತ್ತರಕ್ಕೆ, ತೆಳ್ಳಗೆ, ಕೆಲಸ ಕಳೆದುಕೊಂಡು ಕೆನ್ನೆ ಬತ್ತಿದವಳು. ಹೇಳಬೇಕೆಂದು ಜೋಡಿಸಿಟ್ಟಿದ್ದ ಮಾತೆಲ್ಲ ಎಲ್ಲಿಗೋ ಹೋಯಿತು. ಉಳಿದದ್ದು ಹಳೆಯ ಅಭ್ಯಾಸವೊಂದೇ.

"ಹನ್ನೊಂದು, ನಾಲ್ಕು ಇಲ್ಲಿ."

ಆ ಹೆಂಗಸು ಕೈ ಒರೆಸುತ್ತಿದ್ದವಳು ಹಾಗೆಯೇ ನಿಂತಳು. ಬಲಗಿವಿಯನ್ನು ಮುಂದೆ ತಿರುಗಿಸಿದಳು. ಆಮೇಲೆ ಎಂದೂ ಬಿಟ್ಟೇ ಇರದ ಮಾತೆಂಬಂತೆ, "ಹೇಳಿ ನಾಲ್ಕು, ಲೈನ್ ಸ್ಪಷ್ಟವಾಗಿದೆ" ಎಂದಳು. ಎರಡು ಹೆಜ್ಜೆ ಮುಂದೆ ಬಂದು ತಲೆಯೆತ್ತಿ ನೋಡಿದಳು. "ಅಯ್ಯೋ ರೀ! ಇಷ್ಟು ಉದ್ದ ಇದ್ದೀರಾ ನೀವು? ನಾನು ಗಿಡ್ಡ ಅಂದ್ಕೊಂಡಿದ್ದೆ!"

ಕೂರಿಸಿದಳು, ನೀರು ಕೊಟ್ಟಳು. ತಂಗಿಯ ಪರಿಚಯವಾಯಿತು, ಪುಟ್ಟಿಯ ಪರಿಚಯವಾಯಿತು. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ದೊಡ್ಡಮ್ಮ ಲೋಟ ಮುಟ್ಟಲಿಲ್ಲ.

"ಮೊದಲು ನಂದೊಂದು ಮಾತು ಕೇಳಿ. ಕೇಳಿದ್ಮೇಲೆ ನೀರು ಕೊಡ್ಬೇಕೋ ಬೇಡ್ವೋ ನೋಡಿ. ಆವತ್ತು ಡಾಕ್ಟರ ಪ್ಲಗ್ ಕಿತ್ತದ್ದು ನಾನು."

"ಗೊತ್ತು."

"...ಗೊತ್ತಾ?"

"ಲೈನ್ ತಾನಾಗಿ ಹೋದ್ರೆ ಸುಮ್ನೆ ಹೋಗುತ್ತೆ. ಪ್ಲಗ್ ಕಿತ್ರೆ 'ಟಕ್' ಅನ್ನುತ್ತೆ. ಆ ಟಕ್ ನಿಮ್ಮ ಕಡೆಯಿಂದ ಬಂತು. ನೀವು ನಗ್ತಾ ಇದ್ರಿ, ನಗಿಸ್ತಾ ಇದ್ದವಳು ನಾನು. ಟಿಕೆಟ್ ಮೇಲೆ 'ಲೈನ್ ದೋಷ' ಅಂತ ಬರೆದೆ."

ದೊಡ್ಡಮ್ಮ ಕುರ್ಚಿಯ ತುದಿಗೆ ಸರಿದಳು. "ನಾನು ಬರೆದದ್ದು..."

"ಅದೂ ಗೊತ್ತು. ವಿಚಾರಣೇಲಿ ಎರಡು ಟಿಕೆಟನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ರು. ನಿಮ್ಮ ಅಕ್ಷರ ನಾನು ನೋಡಿದ್ದು ಅವತ್ತೇ ಮೊದಲು. ಚೆನ್ನಾಗಿತ್ತು. ಆದ್ರೆ 'ಕಡಿತ'ದ ತಲೆಕಟ್ಟೆಲ್ಲ ವಾರೆ ಪಾಪ."

"ಕೋಪ ಬರ್ಲಿಲ್ವಾ?"

"ಬರದೇ ಇರುತ್ತಾ? ಒಂದು ವಾರ ಬಂತು. ಸಿಕ್ಕಿದ್ರೆ ಎರಡೂ ಎಡಗಾಲಿನ ಚಪ್ಪಲೀಲಿ ಬಾರಿಸ್ತೀನಿ ಅಂದ್ಕೊಂಡಿದ್ದೆ. ಅಷ್ಟರಲ್ಲಿ ಹೊಟ್ಟೇಲಿದ್ದವಳು ಒದೆಯೋಕೆ ಶುರು ಮಾಡಿದ್ಲು. ಕೋಪಕ್ಕೆ ಒಳಗೆ ಜಾಗ ಇರ್ಲಿಲ್ಲ."

"ಹೊಟ್ಟೇಲಿ?"

"ಮದುವೆಯಾಗಿ ಎಂಟು ವರ್ಷಕ್ಕೆ ನಿಂತಿದ್ದು ರೀ. ಗೊತ್ತಾದ್ರೆ ಬೋರ್ಡಿನಿಂದ ಎಬ್ಬಿಸ್ತಾರೆ ಅಂತ ಐದು ತಿಂಗಳು ಬಚ್ಚಿಟ್ಟೆ. ನಿಮಗೂ ಹೇಳ್ಲಿಲ್ಲ, ಲೈನಿನ ಮೇಲೆ ಯಾರ್ಯಾರ ಕಿವಿಯೋ. ಆಮೇಲೆ ಹೊಟ್ಟೆ ಅಡ್ಡ ಬಂದು ಮೇಲಿನ ಸಾಲಿಗೆ ಕೈಯೇ ಎಟುಕ್ತಿರ್ಲಿಲ್ಲ. ಎಬ್ಬಿಸಿ ಕೆಳಗೆ ಎನ್‌ಕ್ವೈರಿಗೆ ಹಾಕಿದ್ರು. ನಂಗೆ ನಲವತ್ತು ಮೆಟ್ಲು ತಪ್ಪಿತು. ಅಲ್ಲಿಂದ ಮುಂದೆ ಬಸ್ಸಿನವರು ಕರ್ಕೊಂಡ್ರು."

"ಹಾಗಾದ್ರೆ ಕೆಲಸ..."

"ಯಾರ ಕೆಲಸ ಹೋಯ್ತು? ಒಂದು ಎಚ್ಚರಿಕೆ ಪತ್ರ ಬಂತು, ಅಷ್ಟೇ. ಹಿಂದುಗಡೆ ಖಾಲಿ ಇತ್ತು, ಮಗಳು ಅದರ ಮೇಲೆ ಆನೆ ಬರೆದ್ಲು."

ದೊಡ್ಡಮ್ಮನಿಗೆ ಇನ್ನೊಂದು ಕೇಳಬೇಕಿತ್ತು. ಅದೇ ಎಲ್ಲಕ್ಕಿಂತ ಕಷ್ಟದ್ದು. "ಆ ಆಸ್ಪತ್ರೆ ಮಗು?"

"ನಿಮ್ಮ ಲೈನು ಹೋದ ಕೂಡ್ಲೇ ಇನ್ನೊಂದು ಊರಿನ ಬೋರ್ಡು ಹಿಡಿದು, ಸುತ್ತುದಾರೀಲಿ ನಿಮ್ಮೂರಿನ ಒಂಬತ್ತಕ್ಕೆ ಹೋಗಿ, ಅಲ್ಲಿಂದ ಡಾಕ್ಟರಿಗೆ ಸೇರಿಸಿದೆ. ಎರಡು ನಿಮಿಷ. ಡಾಕ್ಟರು ಸಿಟ್ಟಾಗಿ ದೂರು ಕೊಟ್ರು, ಅದು ಬೇರೆ. ಮರುದಿನ ಸಂಜೆ ನರ್ಸು ತಾನಾಗಿ ಫೋನ್ ಮಾಡಿದ್ಲು, 'ಮಗು ಎದ್ದು ಕೂತು ಹಾಲು ಕೇಳ್ತಿದೆ, ನಿಮಗೆ ಹೇಳ್ಬೇಕು ಅನ್ನಿಸ್ತು' ಅಂತ."

ಒಂಬತ್ತನೇ ಬೋರ್ಡು ದೊಡ್ಡಮ್ಮನಿಂದ ಐದು ಕುರ್ಚಿಯಾಚೆ ಇತ್ತು. ಅಲ್ಲಿ ಕೂತಿದ್ದವಳು ದಿನಕ್ಕೆ ಮುನ್ನೂರು ಕರೆ ಜೋಡಿಸುವವಳು; ಅದನ್ನೊಂದು ಸುದ್ದಿಯೆಂದು ಹೇಳಲು ಅವಳಿಗೇನು ಗೊತ್ತು.

"ಇದನ್ನೆಲ್ಲ ಹೇಳೋಣ ಅಂತ ಹೆರಿಗೆ ಆದ್ಮೇಲೆ ಎರಡು ಸಲ ನಿಮ್ಮ ನಾಲ್ಕಕ್ಕೆ ಫೋನ್ ಮಾಡಿದೆ" ಎಂದಳು ಹನ್ನೊಂದು. "ಯಾರೋ ಗಂಡಸು ಎತ್ತಿದ. ನಿಮ್ಮ ಹೆಸರು ಹೇಳಿ ಕೇಳೋಣ ಅಂದ್ರೆ, ಹೆಸರೆಲ್ಲಿ ಗೊತ್ತಿತ್ತು?"

ತಾನು ಹೆದರಿ ಬೋರ್ಡು ಬದಲಿಸಿಕೊಂಡಿರದಿದ್ದರೆ ಆ ಫೋನು ತನಗೇ ಬರುತ್ತಿತ್ತು. ದೊಡ್ಡಮ್ಮನಿಗೆ ಅದು ಹೊಳೆಯಿತು. ಆದರೆ ಅದಕ್ಕೆ ಈಗ ನೋಯಲೂ ಮನಸ್ಸಾಗಲಿಲ್ಲ. ಹೊತ್ತದ್ದು ಇಳಿದಿತ್ತು. ಇಳಿದ ಜಾಗ ಇನ್ನೂ ಹಗುರಕ್ಕೆ ಹೊಂದಿಕೊಂಡಿರಲಿಲ್ಲ. ಲೋಟ ಎತ್ತಿ ಅಷ್ಟೂ ನೀರು ಒಂದೇ ಗುಟುಕಿಗೆ ಕುಡಿದಳು. ಹನ್ನೊಂದು ಇನ್ನೊಂದು ಲೋಟ ತುಂಬಿಸಿದಳು.

ಆಮೇಲೆ ಮಾತು ಕಟ್ಟೆಯೊಡೆಯಿತು. ಇಬ್ಬರಿಗೂ ಹೆಡ್‌ಫೋನಿನಿಂದ ಎಡಗಿವಿ ಮಂದವಾಗಿತ್ತು. ಬಲಗಿವಿ ಕೊಡಲೆಂದು ಇಬ್ಬರೂ ಎಡಕ್ಕೆ ತಿರುಗಿ ಕೂತು, ಒಬ್ಬರ ಮುಖ ಒಬ್ಬರಿಗೆ ಕಾಣದೆ, ಒಬ್ಬೊಬ್ಬರು ಒಂದೊಂದು ಗೋಡೆ ನೋಡುತ್ತ ಮಾತಾಡಿದರು. ಹಾಗೆಯೇ ಅವರಿಗೆ ಅಭ್ಯಾಸ. ಮಾತಿನೊಳಗೆ ಸೀನುವ ನಲವತ್ತೆರಡು ಬಂದ, ಪಿಟೀಲಿನ ಇನ್ನೂರ ಹದಿಮೂರು ಬಂದರು. ತಂಗಿ ನಡುವೆ, "ಬ್ಲೌಸಿನ ಕುತ್ತಿಗೆ ಯಾರು ಹೊಲಿದ್ರು, ಚೆನ್ನಾಗಿದೆ" ಎಂದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಹನ್ನೆರಡಾಯಿತು. ಪುಟ್ಟಿಗೆ ಸಂಜೆ ನಾಲ್ಕಕ್ಕೆ ಒಬ್ಬರ ಪಾಠವಿತ್ತು. "ಊಟ ಮಾಡ್ಕೊಂಡು ಹೋಗಿ" ಎಂದರೆ ಹೊತ್ತಿಲ್ಲ. ಹೆಸರು, ವಿಳಾಸ, ಫೋನ್ ನಂಬರು ಬರೆದುಕೊಂಡರು. ಹೆಸರು ಬರೆದ ಮೇಲೂ ಇಬ್ಬರೂ ಕರೆದುಕೊಂಡದ್ದು ನಂಬರಿನಿಂದಲೇ. ಗೇಟಿನವರೆಗೆ ಬಂದ ಹನ್ನೊಂದು ಏನೋ ನೆನಪಾದವಳಂತೆ ಒಳಗೆ ಓಡಿದಳು. ವಿದಾಯ ಹೇಳಲಾರದೆ ಹೋದಳೆಂದು ಎಲ್ಲರೂ ತಿಳಿದರು.

ಪುಟ್ಟಿ ಬಸ್ ನಿಲ್ದಾಣದಿಂದ ಕಾರು ತಂದಳು. ದೊಡ್ಡಮ್ಮ ಆ ಮನೆಯನ್ನು ಕೊನೆಯವರೆಗೂ ನೋಡಬೇಕೆಂದು ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಳು. ಹೀಗಾಗಿ ತಂಗಿಗೆ ಮತ್ತೆ ಮುಂದಿನ ಸೀಟು ಸಿಕ್ಕಿತು.

"ಅಮ್ಮ, ಕಾಲು" ಎಂದಳು ಪುಟ್ಟಿ.

"ಗೊತ್ತು ಬಿಡೇ, ಚಿಕ್ಕ ಮಗು ಅಲ್ಲ ನಾನು."

ಕಾರು ಹೊರಟು ಹತ್ತು ಮಾರು ಹೋಗಿರಲಿಲ್ಲ, ತಂಗಿ ಎರಡೂ ಕಾಲಿನಿಂದ ಬ್ರೇಕು ತುಳಿದಳು. ಕಾರು ಕುಕ್ಕಿ ನಿಂತಿತು. ದೊಡ್ಡಮ್ಮನ ಕನ್ನಡಕ ಮೂಗಿನ ತುದಿಗೆ ಬಂತು.

"ಅಮ್ಮಾ! ಈಗ ಯಾವ ಲಾರಿ?"

"ಲಾರಿ ಅಲ್ಲ, ಕನ್ನಡೀಲಿ ನೋಡು!"

ಹಿಂದೆ ಬೀದಿಯ ನಡುವೆ ಹನ್ನೊಂದು ಓಡಿ ಬರುತ್ತಿದ್ದಳು.

ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಊಟದ ಡಬ್ಬಿ. ಅವಸರದಲ್ಲಿ ಒಂದು ಕಾಲಿಗೆ ಮಗಳ ಚಪ್ಪಲಿ, ಇನ್ನೊಂದಕ್ಕೆ ತನ್ನದು. ದೊಡ್ಡಮ್ಮ ಗಾಜು ಇಳಿಸಿದಳು. ಇಡೀ ಊರಿಗೆ ದನಿಯಾಗಿದ್ದವಳಿಗೆ ಮಾತಾಡಲು ಉಸಿರಿರಲಿಲ್ಲ. ಅವಳು ಕಿಟಕಿಯೊಳಗೆ ಕೈ ಚಾಚಿ, ಬಿಸಿ ತಾಗದಂತೆ ಬಟ್ಟೆಯ ಮಡಿಕೆ ಸರಿಮಾಡಿ, ಡಬ್ಬಿಯನ್ನು ದೊಡ್ಡಮ್ಮನ ಮಡಿಲಲ್ಲಿಟ್ಟಳು.